ಹಲ್ಲಿನ ಡಾಕ್ಟರ ಬ್ಯಾಂಜೊ, ನಮ್ಮನೆಯ ಮ್ಯಾಂಡೊಲಿನ್

ಧಾರವಾಡದಲ್ಲಿ ನಾನು ಬೆಳೆದ ಓಣಿಯಲ್ಲಿ ಒಬ್ಬ ಸಂಗೀತದ ಮಾಸ್ತರರಿದ್ದರು. ಮಾತಿನ ನಡುವೆ ಅವರ ಗುರುಗಳ ಹೆಸರು ಬಂದರೆ ಸಾಕು, ಬಲಗೈ ತಾನಾಗಿ ಮೇಲೆದ್ದು ಕಿವಿಯ ತುದಿ ಮುಟ್ಟಿ ಕೆಳಗಿಳಿಯುತ್ತಿತ್ತು. ಚಹಾ ಕುಡಿಯುತ್ತಿದ್ದರೂ ಅಷ್ಟೇ, ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಅಷ್ಟೇ. ಯಾಕೆ ಹೀಗೆ ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ಅಂಥವರ ಹೆಸರನ್ನು ನನ್ನ ಬಾಯಿ ಹೇಳಿತಲ್ಲ, ತಪ್ಪಾಯಿತು ಅಂತ, ಎಂದಿದ್ದರು. ಅಂದಿನಿಂದ ನನಗೊಂದು ಚಟ ಅಂಟಿಕೊಂಡಿದೆ. ಯಾರಾದರೂ ಯಾರನ್ನಾದರೂ ಮಹಾ ಕಲಾವಿದ ಎಂದು ಹೊಗಳಿದರೆ ನಾನು ಅವರ ಬಾಯಿ ನೋಡುವುದಿಲ್ಲ, ಕೈ ನೋಡುತ್ತೇನೆ. ಕೈ ಕದಲದಿದ್ದರೆ ಆ ಹೊಗಳಿಕೆಯನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತೇನೆ.

ಲಂಡನ್ನಿಗೆ ಬಂದಮೇಲೆ ಈ ಚಟಕ್ಕೆ ಬಹಳ ಕಷ್ಟವಾಯಿತು. ಇಲ್ಲಿ ಕೈಯೇ ಕದಲುವುದಿಲ್ಲ, ಮತ್ತು ಲೆಜೆಂಡ್ ಎಂಬ ಪದ ಕೊತ್ತಂಬರಿ ಸೊಪ್ಪಿಗಿಂತ ಅಗ್ಗ. ನಾನು ರೇನರ್ಸ್ ಲೇನಿನ ಹತ್ತಿರ ಒಂದು ಜಿಪಿ ಸರ್ಜರಿಯಲ್ಲಿ, ಎಂದರೆ ಬಡಾವಣೆಯ ಡಾಕ್ಟರ ದವಾಖಾನೆಯಲ್ಲಿ, ರಿಸೆಪ್ಶನಿಸ್ಟ್. ಮಂಡಿ ನೋವಿನವರಿಗೆ ಇವತ್ತೇ ಅಪಾಯಿಂಟ್‌ಮೆಂಟ್ ಹುಡುಕಿ ಕೊಟ್ಟರೆ, ‘ಯು ಆರ್ ಎ ಲೆಜೆಂಡ್’ ಎನ್ನುತ್ತಾರೆ. ಲಿಫ್ಟಿನ ಬಾಗಿಲು ಹಿಡಿದವರು ಲೆಜೆಂಡ್, ಆಫೀಸಿಗೆ ಬಿಸ್ಕತ್ ತಂದವರು ಲೆಜೆಂಡ್. ಈ ಲೆಕ್ಕದಲ್ಲಿ ನಮ್ಮ ಬೀದಿಯಲ್ಲಿ ಲೆಜೆಂಡ್ ಅಲ್ಲದವರು ನನ್ನ ಗಂಡ ಒಬ್ಬರೇ, ಏಕೆಂದರೆ ಅವರು ಮನೆಯಿಂದ ಹೊರಗೇ ಬರುತ್ತಿರಲಿಲ್ಲ.

ನೆಲದಡಿ ಓಡುವ ಟ್ಯೂಬ್ ರೈಲಿನ ಸಿಗ್ನಲ್ ಕೆಲಸದಿಂದ ಅವರು ನಿವೃತ್ತರಾಗಿದ್ದರು. ನಿವೃತ್ತಿಯ ಮೊದಲ ತಿಂಗಳುಗಳಲ್ಲಿ ಮನೆಯ ನಲ್ಲಿ, ಬೋಲ್ಟು, ಬಲ್ಬು ಎಲ್ಲ ಸರಿಮಾಡಿದರು. ಸರಿಮಾಡುವುದೆಲ್ಲ ಮುಗಿದಮೇಲೆ ಸೋಫಾದ ಎಡತುದಿಯಲ್ಲಿ ಕುಳಿತರು. ಬೆಂಗಳೂರಿನ ನ್ಯೂಸ್ ಚಾನೆಲ್ ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತಿತ್ತು, ಅವರು ಅದನ್ನು ನೋಡುತ್ತಲೂ ಇರಲಿಲ್ಲ. ಒಂದು ದಿನ ತಡೆಯಲಾರದೆ ರಿಮೋಟ್ ಕಸಿದುಕೊಂಡೆ.

“ಒಂದಿಷ್ಟು ಹೊರಗ ಹೋಗಿ ಬರ್ರಿ.”

“ಹೊರಗ ಏನೈತಿ?”

“ಒಳಗರೆ ಏನೈತಿ?”

“ಒಳಗೂ ಏನಿಲ್ಲ,” ಎಂದರು. ಜಗಳದ ದನಿಯಲ್ಲಿ ಹೇಳಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು. ಮಗಳಿಗೆ ಫೋನ್ ಮಾಡಿದರೆ ಅವಳು ಎಂದಿನಂತೆ ಇಂಗ್ಲಿಷಿನಲ್ಲಿ, ಡ್ಯಾಡ್‌ಗೆ ಒಂದು ಹಾಬಿ ಬೇಕು ಎಂದಳು. ಹಾಬಿ ಏನು ತರಕಾರಿ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಫೋನ್ ಇಟ್ಟೆ.

ನನ್ನ ಗಂಡನಿಗೆ ಒಂದು ಕಾಲದಲ್ಲಿ ಹಾಬಿಗಿಂತ ದೊಡ್ಡದೇ ಇತ್ತು. ಹುಬ್ಬಳ್ಳಿಯಲ್ಲಿ ಮದುವೆ, ಗಣೇಶನ ಹಬ್ಬಗಳಿಗೆ ಸಿನಿಮಾ ಹಾಡು ಹಾಡುವ ಒಂದು ಆರ್ಕೆಸ್ಟ್ರಾದಲ್ಲಿ ಅವರು ಮ್ಯಾಂಡೊಲಿನ್ ನುಡಿಸುತ್ತಿದ್ದರು. ನಾನು ಅವರನ್ನು ಮೊದಲು ನೋಡಿದ್ದೂ ಹಾಗೆಯೇ, ಅಕ್ಕನ ಮದುವೆಯ ಆರತಕ್ಷತೆಯಲ್ಲಿ. ನೋಡಿದೆ ಎಂದರೂ ಪೂರ್ತಿ ನೋಡಿದ್ದಲ್ಲ. ಮಿರುಗುವ ಕೋಟಿನ ಹಾಡುಗಾರನ ಹಿಂದೆ, ಸ್ಪೀಕರ್ ಡಬ್ಬಿಯ ಪಕ್ಕ, ಅರ್ಧ ಮುಖ ಕಾಣುತ್ತಿತ್ತು. ಆ ಅರ್ಧ ಮುಖಕ್ಕೇ ನಾನು ಬಿದ್ದದ್ದು. ಆದರೆ ಅವರ ಮನಸ್ಸಿನಲ್ಲಿ ಆ ಸ್ಪೀಕರ್ ಡಬ್ಬಿ ಹಾಗೆಯೇ ಉಳಿದಿತ್ತು. “ನಂದು ಏನಿತ್ತು ಅಲ್ಲಿ? ಹಾಡವರ ಹಿಂದ ಕುಂತು ಚಕಚಕ ಅನ್ಸೂದು,” ಎನ್ನುತ್ತಿದ್ದರು. ಈ ದೇಶಕ್ಕೆ ಬಂದ ಹೊಸದರಲ್ಲಿ ಕೆಲವು ಬಾರಿ ನುಡಿಸಿ, ಆಮೇಲೆ ಶಿಫ್ಟು, ಮಗು, ಮನೆಯ ಸಾಲ ಎಂದು ಮ್ಯಾಂಡೊಲಿನ್ ಒಂದು ಹಳೆಯ ಬೆಡ್‌ಶೀಟಿನೊಳಗೆ ಸೇರಿ ವಾರ್ಡ್‌ರೋಬಿನ ಮೇಲೆ ಹೋಯಿತು.

ಅದನ್ನು ಅಲ್ಲಿಂದ ಇಳಿಸಿದವಳು ನಮ್ಮ ಸರ್ಜರಿಯ ನರ್ಸ್. ಉಡುಪಿ ಕಡೆಯ ಕ್ರಿಶ್ಚಿಯನ್ ಮನೆಯವಳು, ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡ. ನನ್ನ ಕನ್ನಡ ಕೇಳಿ ಅವಳು ನಗುತ್ತಾಳೆ, ಅವಳದು ಕೇಳಿ ನಾನು. ದೊಡ್ಡ ಸೂಟ್‌ಕೇಸ್ ಎರವಲು ಕೇಳಲು ಬಂದವಳು ಸ್ಟೂಲ್ ಹತ್ತಿ ವಾರ್ಡ್‌ರೋಬಿನ ಮೇಲೆ ಕೈಯಾಡಿಸಿದಳು.

“ಅಕ್ಕ, ಇದೆಂತದು, ಬಟ್ಟೆ ಸುತ್ತಿ ಇಟ್ಟದ್ದು?”

“ನಮ್ಮ ಮನ್ಯಾವ್ರ ಮ್ಯಾಂಡೊಲಿನ್. ಬಿಡವಾ, ಧೂಳ ಬೀಳ್ತೈತಿ.”

“ದೇವರೇ! ನಾವು ಒಂದು ಮ್ಯಾಂಡೊಲಿನ್ ಇಲ್ಲದೆ ಎಷ್ಟು ಸಮಯದಿಂದ ಪರದಾಡ್ತಾ ಇದ್ದೇವೆ, ಗೊತ್ತುಂಟಾ?”

ಅವಳು ಗಿಟಾರ್ ನುಡಿಸುತ್ತಾಳೆ, ಅದು ನನಗೆ ಗೊತ್ತಿತ್ತು. ಚರ್ಚಿನಲ್ಲಿ ಎಂದುಕೊಂಡಿದ್ದೆ. ಆದರೆ ಅವಳು ಭಾನುವಾರ ಮಧ್ಯಾಹ್ನ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತ ನುಡಿಸುತ್ತಾಳೆ ಎಂಬುದು ಅವತ್ತು ತಿಳಿಯಿತು. ಉಡುಪಿಯವಳಿಗೂ ಅಮೆರಿಕದ ಹಳ್ಳಿ ಹಾಡಿಗೂ ಎಲ್ಲಿಯ ನಂಟು? ಕೇಳಿದೆ. ಅವಳ ಅಪ್ಪ ಗಲ್ಫಿನಿಂದ ತಂದ ಟೇಪ್‌ರೆಕಾರ್ಡರಿನಲ್ಲಿ ಭಾನುವಾರ ಚರ್ಚಿನಿಂದ ಬಂದು ಕೋಳಿ ಸಾರು ಕುದಿಯುವಾಗ ಕಂಟ್ರಿ ಎಂಬ ಆ ಹಳ್ಳಿ ಹಾಡು ಹಾಕುತ್ತಿದ್ದರಂತೆ. ಅವರ ಕಡೆಯ ಎಷ್ಟೋ ಮನೆಗಳಲ್ಲಿ ಹಾಗೆಯಂತೆ. ಇಂಗ್ಲಿಷ್ ಬಾರದ ಅಜ್ಜಿ ಕೂಡ ಆ ಹಾಡು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ನಾವು ಧಾರವಾಡದವರು ಸಂಗೀತವೆಂದರೆ ನಮ್ಮ ಅಪ್ಪನ ಮನೆ ಆಸ್ತಿ ಎಂದುಕೊಂಡಿರುತ್ತೇವೆ. ಅಲ್ಲಿಂದ ಒಂದು ರಾತ್ರಿ ಬಸ್ಸಿನ ದೂರದಲ್ಲಿ ಇಷ್ಟೆಲ್ಲ ನಡೆದಿತ್ತು, ನನಗೆ ಸುದ್ದಿಯೇ ಇರಲಿಲ್ಲ.

“ಪಬ್ಬಿಗೆ? ಈ ವಯಸ್ಸಿನ್ಯಾಗ?” ಎಂದರು ನನ್ನ ಗಂಡ. ಆದರೂ ಬಂದರು. ನೋಡಲಿಕ್ಕೆ ಮಾತ್ರ ಎಂಬ ಕರಾರಿನ ಮೇಲೆ.

ಆ ಕೋಣೆಯಲ್ಲಿ ಕುರ್ಚಿಗಳು ದುಂಡಗೆ ಇದ್ದವು. ವೇದಿಕೆ ಇಲ್ಲ, ಮೈಕ್ ಇಲ್ಲ, ಡ್ರಮ್ ಇಲ್ಲ, ಕರೆಂಟಿಗೆ ಚುಚ್ಚುವ ವಸ್ತು ಒಂದೂ ಇಲ್ಲ. ನಮ್ಮ ನರ್ಸಿನ ಗಿಟಾರ್, ಒಬ್ಬರ ಪಿಟೀಲು, ಆಳೆತ್ತರದ ಬಾಸ್ ಹಿಡಿದ ಒಬ್ಬ ಪೋಸ್ಟ್‌ಮನ್, ಮತ್ತು ಬ್ಯಾಂಜೊ ಹಿಡಿದ ಒಬ್ಬ ಮುದುಕರು. ಬ್ಯಾಂಜೊ ಎಂದರೆ ದಮ್ಮಡಿಗೆ ಉದ್ದನೆಯ ಕತ್ತು ಕೂರಿಸಿ ತಂತಿ ಬಿಗಿದ ವಾದ್ಯ. ಮುದುಕರ ಬಲಗೈಯ ಬೆರಳುಗಳಿಗೆ ಲೋಹದ ಉಗುರು. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡವಳಿಗೆ ಥಟ್ಟನೆ ಹೊಳೆಯಿತು. ನಮ್ಮ ರಸ್ತೆಯ ತುದಿಯ ಮನೆಯವರು, ನಿವೃತ್ತ ಹಲ್ಲಿನ ಡಾಕ್ಟರು. ನನ್ನ ಬುದ್ಧಿಹಲ್ಲು ಕಿತ್ತ ಮನುಷ್ಯ! ಕಿತ್ತ ದಿನ ಅಷ್ಟು ನೋವು ಕೊಟ್ಟವರು ಇಷ್ಟು ಸಂತೋಷವನ್ನೂ ಕೊಡಬಲ್ಲರು ಎಂದು ನನಗೆ ಅನ್ನಿಸಿರಲಿಲ್ಲ.

ಲೈಮ್ ಸೋಡಾ ಹಿಡಿದು ಗೋಡೆಗೆ ಒರಗಿ ಕುಳಿತು ನಾನು ಅವರ ರೀತಿ ರಿವಾಜು ನೋಡಿದೆ. ಹಾಡು ಶುರುಮಾಡಿದವರು ಆ ಹಾಡಿಗೆ ಯಜಮಾನರು. ಅವರು ಹುಬ್ಬು ಹಾರಿಸಿ ಯಾರ ಕಡೆ ನೋಡುತ್ತಾರೋ ಅವರು ಒಂದು ಸುತ್ತು ಒಬ್ಬರೇ ನುಡಿಸಬೇಕು. ಆಗ ಉಳಿದವರೆಲ್ಲ ದನಿ ತಗ್ಗಿಸಿಕೊಳ್ಳುತ್ತಾರೆ. ಸರದಿ ಮುಗಿದ ಕೂಡಲೇ ಅವರೂ ತಗ್ಗುತ್ತಾರೆ. ತನ್ನ ಸರದಿ ಬೇಡದವರು ಸುಮ್ಮನೆ ತಲೆ ಅಲ್ಲಾಡಿಸುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ಓಣಿಯ ಮಾಸ್ತರರ ಮನೆಯಲ್ಲಿ ಹೀಗೆ ಗುರುತು ಪರಿಚಯ ಇಲ್ಲದವರು ಬಂದು ಕುಳಿತು ನುಡಿಸುವುದು ಸಾಧ್ಯವೇ ಇರಲಿಲ್ಲ. ನನ್ನ ಗಂಡ ವೃತ್ತದ ಹೊರಗೆ ಕುಳಿತಿದ್ದರು. ಮುಖದಲ್ಲಿ ಏನೂ ಇರಲಿಲ್ಲ, ಬಲಗೈ ಬೆರಳು ಮಾತ್ರ ತೊಡೆಯ ಮೇಲೆ ಚಕಚಕ ಎನ್ನುತ್ತಿದ್ದವು. ನಾನು ಅವರ ಬೆರಳು ನೋಡಿದೆ.

ಹಾಡುಗಳ ನಡುವೆ ಅಲ್ಲಿ ಒಂದು ವಾದ ನಡೆಯುತ್ತಿತ್ತು, ಪ್ರತಿ ಭಾನುವಾರವೂ ನಡೆಯುತ್ತದಂತೆ. ಬ್ಲೂಗ್ರಾಸ್ ನುಡಿಸುವವನು ಕಂಟ್ರಿ ಸಂಗೀತದ ನಿಜವಾದ ಲೆಜೆಂಡ್ ಆಗುವುದು ಯಾವಾಗ? ನರ್ಸ್ ಹೇಳುವ ಪ್ರಕಾರ ಕಂಟ್ರಿ ಎಂಬುದು ದೊಡ್ಡ ಮನೆ, ಬ್ಲೂಗ್ರಾಸ್ ಅದರ ಹಿಂದಿನ ಒಂದು ಕೋಣೆ. ಆ ಕೋಣೆಯಲ್ಲೇ ಕುಳಿತವನು ಎಷ್ಟು ಚೆನ್ನಾಗಿ ನುಡಿಸಿದರೂ ಮನೆಯವರಿಗೆಲ್ಲ ಗೊತ್ತಾಗುವುದಿಲ್ಲ. ಹೆಸರು ಗೊತ್ತಿಲ್ಲದವರು ಕೂಡ ಅವನ ಹಾಡು ಗುನುಗಬೇಕು, ಆಗ ಲೆಜೆಂಡ್. ಪಿಟೀಲಿನವರು, ಹಾಗಲ್ಲ, ಅವನು ಮೊದಲು ಮಾಡಿದ್ದನ್ನು ಆಮೇಲೆ ಎಲ್ಲರೂ ಮಾಡಬೇಕು ಎಂದರು. ಪೋಸ್ಟ್‌ಮನ್‌ಗೆ ವೇಗ ಮುಖ್ಯ, ಎಷ್ಟಿದ್ದರೂ ದಿನವಿಡೀ ನಡೆಯುವವನು. ಹಲ್ಲಿನ ಡಾಕ್ಟರು ಮಾತ್ರ ವಾದಕ್ಕೆ ಬರಲಿಲ್ಲ. “ನುಡಿಸೋಣವೇ?” ಎಂದರು.

ನನಗೆ ಈ ಪ್ರಶ್ನೆ ಹುಳ ಹೊಕ್ಕ ಹಾಗೆ ತಲೆಗೆ ಹೊಕ್ಕಿತು. ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ವಾದದಲ್ಲಿ ಹೆಸರು ಬಂದವರ ಹಾಡು ಹಾಕಿ ಹಾಕಿ ಕೇಳಿದೆ. ರೊಟ್ಟಿ ಬಡಿಯುವಾಗ ಬ್ಲೂಗ್ರಾಸ್, ಬಟ್ಟೆ ಮಡಿಸುವಾಗ ಬ್ಲೂಗ್ರಾಸ್. ಕೆಲವರು ಎಷ್ಟು ಚುರುಕೆಂದರೆ ನನ್ನ ರೊಟ್ಟಿ ಅಂಚು ಒಡೆದು ಹೋಗುತ್ತಿತ್ತು. ಆದರೆ ಇವನು ಲೆಜೆಂಡ್, ಅವನು ಬರೀ ಚೆನ್ನಾಗಿ ನುಡಿಸುವವನು ಎಂದು ವಿಂಗಡಿಸುವುದು ನನ್ನಿಂದ ಆಗಲಿಲ್ಲ. ಎಲ್ಲರೂ ಒಳ್ಳೆಯವರಂತೆಯೇ ಕೇಳಿಸುತ್ತಿದ್ದರು. ಒಂದು ಸಂಜೆ ಸೋಫಾದ ಎಡತುದಿಯಿಂದ ದನಿ ಬಂತು. “ಆ ಮ್ಯಾಂಡೊಲಿನ್ನಂವ ಹಿಂದ ಕುಂತು ಏನ ಮಾಡಾಕತ್ತಾನ ಕೇಳಿದೇನ? ತಬಲಾ ಇಲ್ಲ ಅಲ್ಲಿ. ಅಂವನ ತಬಲಾ.” ಮಾರನೆಯ ದಿನ ಅವರು ತಾವಾಗಿಯೇ ಹೊರಗೆ ಹೋಗಿ ಹೊಸ ತಂತಿ ತಂದರು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ನ್ಯೂಸ್ ಚಾನೆಲ್ ಆಫ್ ಆಗಿದ್ದ ಆ ಮನೆಯಲ್ಲಿ ನಾನು ಸದ್ದಾಗದಂತೆ ಓಡಾಡುತ್ತಿದ್ದೆ.

ಅವರು ವೃತ್ತದೊಳಗೆ ಕುಳಿತ ಭಾನುವಾರ ನಾನು ಇಸ್ತ್ರಿ ಮಾಡಿದ ಶರ್ಟು ಕೊಟ್ಟಿದ್ದೆ. ಹಲ್ಲಿನ ಡಾಕ್ಟರು ಒಂದು ಹಾಡು ಶುರುಮಾಡಿ, ಸುತ್ತು ಹಾಕಿಸಿ, ಕೊನೆಗೆ ಇವರ ಕಡೆ ನೋಡಿ ಹುಬ್ಬು ಹಾರಿಸಿದರು. ಇವರು ನುಡಿಸಿದರು! ಬಹಳ ಚೆನ್ನಾಗಿತ್ತು ಎಂದು ಹೇಳಲಾರೆ, ನಡುವೆ ಒಮ್ಮೆ ಎಡವಿದರು. ಆದರೆ ಅವರ ಮುಖ ಪೂರ್ತಿ ಕಾಣುತ್ತಿತ್ತು, ಅದರ ಮುಂದೆ ಯಾವ ಹಾಡುಗಾರನ ಕೋಟೂ ಇರಲಿಲ್ಲ. ಅವರ ಸುತ್ತು ಮುಗಿದು ಎಲ್ಲರೂ ಸೇರಿ ಕೊನೆಯ ಸುತ್ತಿಗೆ ಬಂದರು. ಆಗ ಎದುರು ಕುರ್ಚಿಯಲ್ಲಿದ್ದ ಡಾಕ್ಟರು ತಮ್ಮ ಬಲಗಾಲನ್ನು ಎತ್ತಿ, ಬೂಟಿನ ಅಟ್ಟೆ ನೇರವಾಗಿ ನನ್ನ ಗಂಡನ ಮುಖಕ್ಕೆ ಕಾಣುವಂತೆ ಮುಂದೆ ಚಾಚಿದರು.

ಎಲ್ಲ ವಾದ್ಯಗಳೂ ಒಂದೇ ಏಟಿಗೆ ನಿಂತವು. ನನ್ನ ಗಂಡನ ಮ್ಯಾಂಡೊಲಿನ್ ಒಂದೇ, ಆ ಬೂಟನ್ನು ನೋಡುತ್ತ, ನುಡಿಯುತ್ತಲೇ ಹೋಯಿತು. ಪೋಸ್ಟ್‌ಮನ್ ನಕ್ಕ. ಕೆಟ್ಟ ನಗುವೇನಲ್ಲ, ಆದರೂ ನಗು. ಇವರು ಎದ್ದು, ವಾದ್ಯವನ್ನು ಬಗಲಲ್ಲಿ ಇಟ್ಟುಕೊಂಡು, ನನ್ನನ್ನು ಕೂಡ ಕರೆಯದೆ ಹೊರಗೆ ನಡೆದರು.

“ಕಾಲು ತೋರಿಸ್ಯಾನ ನನಗ. ಮಾರಿ ಮುಂದ! ಸರಸ್ವತಿ ಕೈಯಾಗಿದ್ದಾಗ!” ಮನೆಯವರೆಗೂ ಇದೊಂದೇ ಮಾತು. “ತಪ್ಪು ನುಡಿಸಿದರ ಬಾಯಿಲೆ ಹೇಳಬೇಕಪ್ಪ. ಒದ್ದು ಹೇಳ್ತಾರೇನ?” ಸಿಟ್ಟಿಗೆ ನನ್ನ ಕಡೆಯಿಂದಲೂ ಸೌದೆ ಬಿತ್ತು, ಸುಳ್ಳು ಹೇಳಲಾರೆ. ಆ ಹೊತ್ತಿಗೆ ಆ ಮುದುಕರ ಹಲ್ಲುಗಳೆಲ್ಲ ಉದುರಲಿ ಎಂದು ಶಪಿಸಿದೆ. ಮ್ಯಾಂಡೊಲಿನ್ ಮತ್ತೆ ಬೆಡ್‌ಶೀಟಿನೊಳಗೆ ಹೋಯಿತು. ಇವರು ಮತ್ತೆ ಸೋಫಾಗೆ ಹೋದರು. ಟೀವಿಯನ್ನು ಹಾಕಲೂ ಇಲ್ಲ. ನನಗೆ ಹೆದರಿಕೆಯಾದದ್ದು ಆಗ.

ಸಿಟ್ಟು ಇಳಿದಮೇಲೆ ನನ್ನ ಚಟ ತಲೆಯೆತ್ತಿತು. ಅದೇ ಹೊತ್ತಿಗೆ ಎಲ್ಲರೂ ಹೇಗೆ ನಿಂತರು? ಯಾರೂ ಯಾರ ಮುಖವನ್ನೂ ನೋಡಲಿಲ್ಲವಲ್ಲ? ನರ್ಸನ್ನು ಕೇಳಬಹುದಿತ್ತು. ಆದರೆ ಇದನ್ನು ಕಾಲಿನ ಯಜಮಾನರನ್ನೇ ಕೇಳಬೇಕು ಎನ್ನಿಸಿ, ಒಂದು ಡಬ್ಬಿ ಚಕ್ಕುಲಿ ಹಿಡಿದು ರಸ್ತೆಯ ತುದಿಗೆ ಹೋದೆ.

ಡಾಕ್ಟರು ಚಕ್ಕುಲಿ ನೋಡಿ, ಇಂಥವುಗಳಿಂದಲೇ ನನ್ನ ಕ್ಲಿನಿಕ್ ನಡೆಯುತ್ತಿತ್ತು ಎಂದರು. ನಾನು ನಗಲಿಲ್ಲ. ನೇರವಾಗಿ ಕಾಲಿನ ವಿಷಯ ಕೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಅದು ಹಾಡು ಮುಗಿಸುವ ಸನ್ನೆಯಂತೆ. ಎರಡೂ ಕೈ ವಾದ್ಯದ ಮೇಲೆ, ಬಾಯಿ ಹಾಡಿನಲ್ಲಿ, ಬಿಡುವಾಗಿರುವುದು ಕಾಲೊಂದೇ. ಹಾಡಿನ ಯಜಮಾನ ಕಾಲೆತ್ತಿದರೆ ಈ ಸುತ್ತಿಗೆ ಮುಗಿಯಿತು ಎಂದು ಅರ್ಥ. ಎಲ್ಲ ಊರುಗಳಲ್ಲೂ ಹೀಗೆಯೇ ಅಂತೆ. ಮೊದಲ ಭಾನುವಾರ ನಾವಿಬ್ಬರೂ ಕೈಗಳನ್ನಷ್ಟೇ ನೋಡಿದ್ದೆವು, ಕಾಲನ್ನು ನೋಡಿರಲಿಲ್ಲ.

“ಒದೆಯಲು ಎತ್ತಿದೆ ಎಂದುಕೊಂಡರಾ?” ಎಂದು ಕೇಳಿದರು.

“ಒದ್ದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನೀನು ನನ್ನ ಕಾಲಿಗೂ ಸಮ ಅಲ್ಲ ಎಂದ ಹಾಗಾಯಿತು,” ಎಂದೆ.

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಕಾಲು ಸರಿಸಿಕೊಳ್ಳುವಾಗ ನೆಲದ ಮೇಲಿದ್ದ ಬ್ಯಾಂಜೊ ಪೆಟ್ಟಿಗೆಗೆ ನನ್ನ ಪಾದ ತಗುಲಿತು. ಅಭ್ಯಾಸಬಲದಿಂದ ಬಗ್ಗಿ ಪೆಟ್ಟಿಗೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡೆ. ಡಾಕ್ಟರು ಅದನ್ನು ನೋಡಿದರು. ಅದೇನು ಎಂದು ಕೇಳಿದರು, ಹೇಳಿದೆ. ಪುಸ್ತಕಕ್ಕೂ ಹಾಗೆಯೇ ಮಾಡುತ್ತೀರಾ, ಮನುಷ್ಯರಿಗೂ ಮಾಡುತ್ತೀರಾ, ಬೆಕ್ಕಿಗೆ ತಗುಲಿದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದರು. ನನಗಿಂತ ಕುತೂಹಲದ ಪ್ರಾಣಿ ಒಂದು ನಮ್ಮ ರಸ್ತೆಯಲ್ಲಿದೆ ಎಂದು ಆಗ ತಿಳಿದು ಸಂತೋಷವಾಯಿತು. ಅದೇ ಧೈರ್ಯದಲ್ಲಿ ನಾನೂ ನನ್ನ ಪ್ರಶ್ನೆ ಕೇಳಿಬಿಟ್ಟೆ. ಲೆಜೆಂಡ್ ಯಾರು? ನೀವೇಕೆ ಆ ವಾದಕ್ಕೆ ಬರುವುದಿಲ್ಲ?

ಅವರು ವಿದ್ಯಾರ್ಥಿಯಾಗಿದ್ದಾಗಿನ ಒಂದು ಸಂಜೆಯ ಕಥೆ ಹೇಳಿದರು. ಅಮೆರಿಕದಿಂದ ಒಬ್ಬ ದೊಡ್ಡ ಬ್ಲೂಗ್ರಾಸ್ ವಾದಕ ಲಂಡನ್ನಿಗೆ ಬಂದಿದ್ದನಂತೆ. ಕಂಟ್ರಿ ಕೇಳುವವರೆಲ್ಲ ಲೆಜೆಂಡ್ ಎನ್ನುತ್ತಿದ್ದ ಮನುಷ್ಯ. ಕಾರ್ಯಕ್ರಮ ಮುಗಿದಮೇಲೆ ಸಭಾಂಗಣದ ಪಡಸಾಲೆಯಲ್ಲಿ ಕೆಲವರು ಸುಮ್ಮನೆ ನುಡಿಸುತ್ತ ಕುಳಿತಿದ್ದರು, ಹೊಸದಾಗಿ ಕಲಿಯುತ್ತಿದ್ದ ಈ ಹುಡುಗನೂ ಸೇರಿ. ಆ ಮನುಷ್ಯ ಬಂದು ಪಕ್ಕದಲ್ಲಿ ಕುಳಿತು ಯಾರದೋ ಮ್ಯಾಂಡೊಲಿನ್ ಕೇಳಿ ತೆಗೆದುಕೊಂಡ. ಎಲ್ಲರೂ ಅವನ ಸರದಿಗೆ ಕಾದರು. ಅವನು ತಲೆ ಅಲ್ಲಾಡಿಸಿ, ಈ ಹುಡುಗನ ಕಡೆ ಹುಬ್ಬು ಹಾರಿಸಿ, ಹಿಂದೆ ಬರೀ ಚಕ್ ಚಕ್ ಎಂದು ತಂತಿಗೆ ತಾಳದ ಏಟು ಕೊಡುತ್ತ ಕುಳಿತ.

“ಅವತ್ತು ನಾನು ಎಷ್ಟು ಚೆನ್ನಾಗಿ ನುಡಿಸಿದೆ ಎಂದರೆ, ದಂತವೈದ್ಯ ಓದುವುದನ್ನು ಬಿಟ್ಟುಬಿಡೋಣ ಎನ್ನಿಸಿತ್ತು,” ಎಂದರು. “ಮಾರನೆಯ ದಿನ ಮನೆಯಲ್ಲಿ ಒಬ್ಬನೇ ನುಡಿಸಿದೆ. ಅದೇ ಹಾಡು, ಭಯಂಕರವಾಗಿತ್ತು. ಅವತ್ತು ಚೆನ್ನಾಗಿ ನುಡಿಸಿದ್ದು ನಾನಲ್ಲ ಎಂದು ತಿಳಿಯಲು ವರ್ಷಗಳೇ ಬೇಕಾದವು.”

ಆಮೇಲೆ ತಮ್ಮ ಬಲಗೈ ನನ್ನ ಮುಂದೆ ಹಿಡಿದರು. ಬೆರಳ ಗಂಟುಗಳು ಶುಂಠಿಯ ಬೇರಿನಂತೆ ದಪ್ಪಗಾಗಿದ್ದವು. ಈಸ್ಟರ್ ಕಳೆದಮೇಲೆ ದೂರದ ಕಾರ್ನ್‌ವಾಲಿನಲ್ಲಿರುವ ಮಗಳ ಮನೆಗೆ ಹೋಗಿಬಿಡುತ್ತೇನೆ ಎಂದರು. ನಮ್ಮ ವೃತ್ತಕ್ಕೆ ಬಹಳ ದಿನದಿಂದ ಆ ಚಕ್ ಚಕ್ ಇರಲಿಲ್ಲ, ನಿಮ್ಮ ಗಂಡ ತಮ್ಮ ಸರದಿಯಲ್ಲಿ ನುಡಿಸಿದ್ದು ಸಾಧಾರಣ, ಬೇರೆಯವರ ಸರದಿಯಲ್ಲಿ ಅವರು ಮಾಡುತ್ತಿದ್ದುದನ್ನು ನೀವು ಕೇಳಿದಿರಾ ಎಂದರು. ನಾನು ಕೇಳಿರಲಿಲ್ಲ. ನಾನು ಅವರ ಮುಖ ನೋಡುತ್ತಿದ್ದೆ.

ಮನೆಗೆ ಬಂದು ಎಲ್ಲ ಹೇಳಿದೆ. ನನ್ನ ಗಂಡ ಒಪ್ಪಲಿಲ್ಲ. “ಕೈ ಖಾಲಿ ಇಲ್ಲಂದ್ರ ತಲಿ ಇಲ್ಲೇನ? ಕಣ್ಣಿಲ್ಲೇನ? ಕಾಲ ಬೇಕೇನ?” ಸಿಗ್ನಲ್ಲಿನಲ್ಲಿ ಜೀವಮಾನ ಕಳೆದ ಮನುಷ್ಯನಿಗೆ ಒಂದು ಸಿಗ್ನಲ್ ಇಷ್ಟು ಅರ್ಥವಾಗಬಾರದೇ ಎಂದು ರೇಗಿದೆ. ಅವರು ಎದ್ದು ಹೋಗಿ ಮಲಗಿದರು.

ಆ ಶನಿವಾರ ಬೆಳಿಗ್ಗೆ ಬಾಗಿಲು ಬಡಿಯಿತು. ಬ್ಯಾಂಜೊ ಪೆಟ್ಟಿಗೆ ಹಿಡಿದು ಡಾಕ್ಟರೇ ನಿಂತಿದ್ದರು. ಯಾರೂ ಹೇಳದಿದ್ದರೂ ಬೂಟು ಬಾಗಿಲಲ್ಲೇ ಬಿಟ್ಟರು. ನನ್ನ ಗಂಡ ಮುಖ ಸಿಂಡರಿಸಿದರು, ಆದರೆ ಮನೆಗೆ ಬಂದ ಹಿರಿಯರನ್ನು ಕೂರಿಸದೆ ಇರುವ ಮನುಷ್ಯ ಅವರಲ್ಲ. ನಾನು ಉಪ್ಪಿಟ್ಟಿಗೆ ರವೆ ಹುರಿಯಲು ಒಳಗೆ ಹೋದೆ, ಬಾಗಿಲ ಸಂದಿಯಿಂದ ಎಲ್ಲ ಕಾಣುವಂಥ ಜಾಗದಲ್ಲಿ ನಿಂತೆ. ಡಾಕ್ಟರು ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಬ್ಯಾಂಜೊ ತೆಗೆದು, ಲೋಹದ ಉಗುರು ಹಾಕಿಕೊಂಡು, ಅದೇ ಭಾನುವಾರದ ಹಾಡನ್ನು ಶುರುಮಾಡಿದರು.

ಒಬ್ಬರೇ ನುಡಿಸುವಾಗ ಅವರ ಬೆರಳುಗಳ ಸ್ಥಿತಿ ಗೊತ್ತಾಯಿತು. ಒಂದು ಬೆರಳು ಹಿಂದೆ ಬೀಳುತ್ತಿತ್ತು, ಇನ್ನೊಂದು ಅದನ್ನು ಮುಚ್ಚಿಹಾಕಲು ಓಡುತ್ತಿತ್ತು. ಹಾಡು ಕುಂಟುತ್ತಿತ್ತು. ನನ್ನ ಗಂಡ ಸೋಫಾದ ಮೇಲೆ ಮೈ ಬಿಗಿಹಿಡಿದು ಕುಳಿತಿದ್ದರು. ಅವರ ಬೆರಳು ತೊಡೆಯ ಮೇಲೆ ಒಮ್ಮೆ ಚಕ್ ಎಂದವು. ಮತ್ತೊಮ್ಮೆ. ತಾಳ ತಪ್ಪುವುದನ್ನು ಸಹಿಸುವುದು ಅವರಿಗೆ ಎಂದೂ ಆಗದು, ಮದುವೆ ಮನೆಯಲ್ಲಿ ಬ್ಯಾಂಡಿನವನ ಡೋಲು ಸರಿಯಿಲ್ಲ ಎಂದು ಊಟ ಬಿಟ್ಟು ಎದ್ದವರು. ಕೊನೆಗೆ ತಡೆಯಲಾರದೆ, “ಥೋ,” ಎಂದು ಎದ್ದು ಒಳಗೆ ಹೋಗಿ ಬೆಡ್‌ಶೀಟ್ ಸಮೇತ ಮ್ಯಾಂಡೊಲಿನ್ ತಂದರು.

ಅವರು ಹಿಂದೆ ಚಕ್ ಚಕ್ ಎಂದು ಸೇರಿಕೊಂಡರು, ಅಷ್ಟೇ. ರವೆಯ ಸೌಟು ನನ್ನ ಕೈಯಲ್ಲೇ ನಿಂತಿತು. ಹಿಂದೆ ಬೀಳುತ್ತಿದ್ದ ಬೆರಳು ಬೀಳುವ ಜಾಗದಲ್ಲೇ ಇವರ ಏಟು ಬರುತ್ತಿತ್ತು. ಕುಂಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಡಾಕ್ಟರ ಬೆನ್ನು ನೆಟ್ಟಗಾಯಿತು. ಹುಬ್ಬಳ್ಳಿಯ ಆ ಹಾಡುಗಾರ ಅಷ್ಟು ಚೆನ್ನಾಗಿ ಹಾಡುತ್ತಿದ್ದುದು ಯಾಕೆ ಎಂದು ನನಗೆ ಇಷ್ಟು ವರ್ಷಗಳ ಮೇಲೆ, ಒಲೆಯ ಮುಂದೆ ನಿಂತು, ತಿಳಿಯಿತು. ಕಣ್ಣಲ್ಲಿ ನೀರು ಬಂತು. ರವೆಯ ಹೊಗೆಯೂ ಇತ್ತು, ರವೆ ಸೀದಿತ್ತು.

ಹಾಡು ಮುಗಿಯಬೇಕಿತ್ತು. ಕೊನೆಯ ಸುತ್ತು ಬಂತು, ಹೋಯಿತು. ಮತ್ತೆ ಬಂತು. ಡಾಕ್ಟರು ತಮ್ಮ ಕಾಲನ್ನು ನೋಡಿಕೊಳ್ಳುತ್ತಿದ್ದರು, ಅದು ನೆಲ ಬಿಟ್ಟು ಏಳುತ್ತಿರಲಿಲ್ಲ. ತಲೆಯಿಂದ ಸನ್ನೆ ಮಾಡಲು ನೋಡಿದರು, ಅಭ್ಯಾಸವಿಲ್ಲದೆ ಅದು ನೊಣ ಓಡಿಸಿದ ಹಾಗೆ ಕಂಡಿತು. ಇನ್ನೊಂದು ಸುತ್ತು. ಇಬ್ಬರಿಗೂ ಬೆವರು. ಬೇಡದ ಮರ್ಯಾದೆಯಲ್ಲಿ ಸಿಕ್ಕಿಬಿದ್ದ ಇಬ್ಬರು ಮುದುಕರು ನನ್ನ ಹಾಲ್‌ನಲ್ಲಿ ಸುತ್ತು ಸುತ್ತುತ್ತಲೇ ಇದ್ದರು. ನನಗೆ ನಗು ತಡೆಯಲಾಗಲಿಲ್ಲ.

ಆಗ ನನ್ನ ಗಂಡ ತಮ್ಮ ಬಲಗಾಲು ಎತ್ತಿದರು. ಹೆಬ್ಬೆರಳ ಹತ್ತಿರ ತೂತುಬಿದ್ದ ಕಾಲುಚೀಲ. ಡಾಕ್ಟರ ಮುಖಕ್ಕೆ ನೇರವಾಗಿ. ಇಬ್ಬರೂ ಒಂದೇ ಏಟಿಗೆ ನಿಂತರು. ಮರುಗಳಿಗೆಯಲ್ಲೇ ನನ್ನ ಗಂಡ ಮುಂದೆ ಬಗ್ಗಿ ಡಾಕ್ಟರ ಮಂಡಿ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು. ಡಾಕ್ಟರು ಅದರ ಅರ್ಥ ಕೇಳಲಿಲ್ಲ. ಸೀದ ಉಪ್ಪಿಟ್ಟನ್ನು ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಈಸ್ಟರ್‌ವರೆಗೆ ಅವರಿಬ್ಬರೂ ಪ್ರತಿ ಭಾನುವಾರ ಎದುರುಬದುರು ಕುಳಿತರು. ಆಮೇಲೆ ಡಾಕ್ಟರು ಕಾರ್ನ್‌ವಾಲಿಗೆ ಹೋದರು. ಅವರ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದಾರೆ. ಪಬ್ಬಿನಲ್ಲಿ ಅದೇ ವಾದ ಈಗಲೂ ನಡೆಯುತ್ತದೆ. “ಸರ್, ನೀವಾದ್ರೂ ಹೇಳಿ ಮಾರಾಯ್ರೇ, ಯಾರು ಲೆಜೆಂಡ್?” ಎಂದು ನರ್ಸ್ ನನ್ನ ಗಂಡನನ್ನು ಕೆಣಕುತ್ತಾಳೆ. ಇವರು ನಕ್ಕು ಮುಂದಿನ ಹಾಡಿಗೆ ಶ್ರುತಿ ಮಾಡಿಕೊಳ್ಳುತ್ತಾರೆ. ತಮ್ಮ ಸರದಿ ಬಂದಾಗ ಅರ್ಧಕ್ಕರ್ಧ ಸಲ ತಲೆ ಅಲ್ಲಾಡಿಸಿಬಿಡುತ್ತಾರೆ. ಮೊದಮೊದಲು ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ನಾನು ಬೇರೆಯವರ ಸರದಿಯಲ್ಲಿ ಅವರನ್ನು ಕೇಳಲು ಕಲಿತಿದ್ದೇನೆ.

ಈಚೆಗೆ ಒಂದು ಭಾನುವಾರ ಕ್ರಾಯ್ಡನ್ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು. ಕೈಯಲ್ಲಿ ಹೊಳೆಯುವ ಹೊಸ ಬ್ಯಾಂಜೊ. ಹೊರಗಿನ ಕುರ್ಚಿಯಲ್ಲಿ ಕೂರಲು ಹೊರಟವಳನ್ನು ಇವರು ಒಳಗೆ ಕರೆದು, ಅವಳಿಗೆ ಬರುವ ಒಂದು ಹಾಡು ಕೇಳಿ ತಿಳಿದುಕೊಂಡು, ಅದನ್ನೇ ಶುರುಮಾಡಿ, ಅವಳ ಕಡೆ ಹುಬ್ಬು ಹಾರಿಸಿದರು. ಅವಳು ಎಡವಿದ ಕಡೆಯೆಲ್ಲ ಇವರ ಏಟು ಮೊದಲೇ ಹೋಗಿ ಕಾಯುತ್ತಿತ್ತು. ಇವರು ಕಾಲೆತ್ತಿದರು, ಹಾಡು ನಿಂತಿತು. ಕಾಲಿಳಿಸಿ, ಪಕ್ಕದವರ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದಿಲ್ಲದೆ ಅವರಿಗೆ ಇವತ್ತಿಗೂ ಹಾಡು ಮುಗಿಸಲು ಬರುವುದಿಲ್ಲ.

ಆ ಹೆಂಗಸಿನ ಮುಖ ಕೆಂಪೇರಿತ್ತು. “ನಾನು ಇಷ್ಟು ಚೆನ್ನಾಗಿ ನುಡಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ!” ಎಂದಳು. ಯಾರೂ ನಗಲಿಲ್ಲ. ನಿಮಗೆ ಈ ಸಂಗೀತ ಕಲಿಸಿದವರು ಯಾರು, ಅಮೆರಿಕದವರೇ ಎಂದು ಇವರನ್ನು ಕೇಳಿದಳು. ನನ್ನ ಗಂಡ ಹಲ್ಲಿನ ಡಾಕ್ಟರ ಹೆಸರು ಹೇಳಿದರು. ಹೇಳುವಾಗ ಬಲಗೈ ಮ್ಯಾಂಡೊಲಿನ್ ಬಿಟ್ಟು ಮೇಲೆದ್ದು ಕಿವಿಯ ತುದಿ ಮುಟ್ಟಿ ಕೆಳಗಿಳಿಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಯಾರ ಹೆಸರಿಗೂ ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಆ ಹೆಂಗಸಿಗೆ ಆ ಹೆಸರಿನ ಗುರುತೇ ಇರಲಿಲ್ಲ. ಇಲ್ಲಿಯ ರಿವಾಜು ಇರಬೇಕು ಎಂದುಕೊಂಡು, ಲೋಹದ ಉಗುರು ಹಾಕಿದ್ದ ಬೆರಳಿನಿಂದಲೇ ತನ್ನ ಕಿವಿ ಮುಟ್ಟಿಕೊಂಡಳು.

ಅವತ್ತೇ ಸಂಜೆ ಕಾರ್ನ್‌ವಾಲಿಗೆ ಫೋನ್ ಮಾಡಿ, ಕಿವಿ ಮುಟ್ಟುವುದರ ಅರ್ಥದ ಸಮೇತ ಎಲ್ಲ ಹೇಳಿದೆ. ಡಾಕ್ಟರು ಎಲ್ಲ ಕೇಳಿಸಿಕೊಂಡು, ಯಾವ ಕಿವಿ ಎಂದು ಕೇಳಿದರು.